ಎಡಗೈಯ ಚುಕ್ಕಿ, ಗೆರೆ

ಹೊಳಲ್ಕೆರೆ
12 ಜೂನ್ 2023

ಜುಂಜಯ್ಯ ಸರ್ ಅವರಿಗೆ ನೇತ್ರಾವತಿಯ ನಮಸ್ಕಾರಗಳು.

ಬೆಳಿಗ್ಗೆ ತಾನೇ ರೇಡಿಯೋದಲ್ಲಿ ಮೋರ್ಸ್ ಚುಕ್ಕಿ, ಗೆರೆ ಕುಟ್ಟಿ ನಿಮ್ಮೊಂದಿಗೆ ಮಾತಾಡಿದವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ ಎಂದುಕೊಳ್ಳಬೇಡಿ. ಫೋನಿನಲ್ಲಿ ಮನುಷ್ಯರ ದನಿ ನಿಮಗೆ ಕೇಳುವುದಿಲ್ಲ. ಮೋರ್ಸ್‌ನಲ್ಲಿ ಹೇಳೋಣವೆಂದರೆ ಆ ಹೊತ್ತಿಗೆ ಸೆಟ್ಟಿನ ಮುಂದೆ ಕೂತ, ಹವ್ಯಾಸಕ್ಕೆ ರೇಡಿಯೋ ನಡೆಸುವ ಹ್ಯಾಮ್‌ಗಳೆಲ್ಲ ಕೇಳಿಸಿಕೊಳ್ಳುತ್ತಾರೆ. ನಾಲ್ಕು ಜನರೆದುರು ಹೇಳುವ ಮಾತಲ್ಲ ಇದು.

ಈಚೆಗೆ ನೀವು ಕಳಿಸುವ ಅಕ್ಷರಗಳಲ್ಲಿ ಇಲ್ಲದ ಚುಕ್ಕಿಗಳು ಸೇರಿಕೊಳ್ಳುತ್ತಿವೆ. ಮೊನ್ನೆ ‘ಸೊಸೆ ಹಿರಿಯೂರಿಗೆ ಹೋದಳು’ ಎಂದು ಕಳಿಸಿದಿರಿ. ನನಗೆ ಬಂದದ್ದು ‘ಹೊಹೆ’. ಇಂಗ್ಲಿಷಿನ ಎಸ್ ಅಕ್ಷರಕ್ಕೆ ಮೂರು ಚುಕ್ಕಿ ಇರಬೇಕಾದಲ್ಲಿ ನಾಲ್ಕು ಬಿದ್ದು ಎಚ್ ಆಗಿತ್ತು. ನಿಮ್ಮ ಕೈ ಗೊತ್ತಿರುವ ನಾನೇನೋ ಊಹಿಸಿಕೊಂಡೆ. ಹೊಸಬರಿಗೆ ಅದು ಆಗುವುದಿಲ್ಲ.

ನೀವು ಕುಟ್ಟುವ ಹಿತ್ತಾಳೆ ಕೀಯ ತುದಿಗಳಿಗೆ ಕಿಲುಬು ಹತ್ತಿರಬೇಕು. ತುದಿಗಳ ನಡುವೆ ಗಟ್ಟಿ ಕಾಗದದ ತುಂಡಿಟ್ಟು, ಕೀಯನ್ನು ಮೆಲ್ಲಗೆ ಒತ್ತಿಕೊಂಡು ಎಳೆದರೆ ಸಾಕು ಎಂದು ಹ್ಯಾಮ್ ಲೈಸೆನ್ಸ್ ಪರೀಕ್ಷೆಗೆ ಓದಿಸುವಾಗ ಹೇಳಿಕೊಟ್ಟವರು ನೀವೇ. ಸ್ಪ್ರಿಂಗ್ ಕೂಡ ಸಡಿಲವಾಗಿದೆಯೇನೋ ನೋಡಿ.

ಕಾಲೇಜು ಶುರುವಾಗಿದೆ. ಈ ವರ್ಷ ಭೌತಶಾಸ್ತ್ರಕ್ಕೆ ನಾನೊಬ್ಬಳೇ, ತರಗತಿಗಳು ಜಾಸ್ತಿ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿಮ್ಮ ಶ್ರೀಮತಿ ಗಂಗಕ್ಕನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ
ನೇತ್ರಾವತಿ


ಹಿರೇಗುಂಟನೂರು
25 ಜೂನ್ 2023

ತಂಗಿ ನೇತ್ರಾವತಿಗೆ ಜುಂಜಯ್ಯನ ಆಶೀರ್ವಾದ.

ಕಾಗದ ತಲುಪಿತು. ಕೀ ಬಿಚ್ಚಿ ಒರೆಸಿದೆ. ಕಿಲುಬು ಇರಲಿಲ್ಲ. ಸ್ಪ್ರಿಂಗೂ ಸರಿಯಾಗಿದೆ.

ನನಗೆ ತೋರುವ ಮಟ್ಟಿಗೆ ತೊಂದರೆ ಗಾಳಿಯದು. ಮಳೆ ಹತ್ತಿರವಾದಾಗ ಚರಪರ ಸದ್ದು ಜಾಸ್ತಿ ಇರುತ್ತದೆ, ಒಂದು ಚುಕ್ಕಿ ಎರಡಾಗಿ ಕೇಳುತ್ತದೆ. ಪಕ್ಕದ ತೋಟದವರ ಮೋಟರು ಬೇರೆ ಬೆಳಿಗ್ಗೆಯೇ ಶುರುವಾಗುತ್ತದೆ. ಪೊಲೀಸ್ ವೈರ್‌ಲೆಸ್‌ನಲ್ಲಿ ಇದ್ದಷ್ಟು ಕಾಲ ನಾನು ಕಳಿಸಿದ ಸುದ್ದಿಯನ್ನು ಮತ್ತೊಮ್ಮೆ ಕಳಿಸು ಎಂದು ಯಾರೂ ಕೇಳಿದವರಲ್ಲ. ಮಾರಿಕಣಿವೆ ಅಣೆಕಟ್ಟೆಗೆ ನೀರು ನುಗ್ಗಿದ ವರ್ಷ ಹಿರಿಯೂರಿನಿಂದ ಹಗಲಿಡೀ ಕುಟ್ಟಿದ್ದೇನೆ. ಆ ಕೈ ಇದೇ ಕೈ.

ನೀನು ಕೇಳಿದ್ದಕ್ಕೆ ನಾನೂ ಒಂದು ಕೇಳುತ್ತೇನೆ. ಈಗೀಗ ನೀನು ಬೇಗ ಮುಗಿಸುತ್ತೀ. ಮೊದಲು ಕ್ಲಾಸಿನ ಹುಡುಗರ ವಿಷಯ, ಹೊಸದುರ್ಗದ ಬಸ್ಸು ಹಿಡಿಯಲು ನಿನ್ನ ಯಜಮಾನರು ಓಡುವ ವಿಷಯ, ಎಲ್ಲ ಹೇಳುತ್ತಿದ್ದೆ. ಈಗ ಹವೆ ಹೇಗಿದೆ, ಸಿಗ್ನಲ್ ಹೇಗಿದೆ, ನಮಸ್ಕಾರ. ನನ್ನಿಂದ ಏನಾದರೂ ಬೇಸರವಾಗಿದ್ದರೆ ನೇರವಾಗಿ ಬರೆ.

ನನ್ನ ಕಿವಿಯ ಸಂಗತಿ ನಿನಗೆ ಗೊತ್ತು. ಮನುಷ್ಯರ ಮಾತು ಒಡೆದ ಮಡಕೆಯ ಚೂರಿನ ಹಾಗೆ ಬರುತ್ತದೆ, ಜೋಡಿಸಿಕೊಳ್ಳಲು ಆಗುವುದಿಲ್ಲ. ಕಿವಿಗೆ ಹಾಕುವ ಯಂತ್ರ ಆ ಚೂರುಗಳನ್ನೇ ಇನ್ನಷ್ಟು ಜೋರು ಮಾಡುತ್ತದೆ. ರೇಡಿಯೋದಲ್ಲಿ ಬರುವ ಮೋರ್ಸಿನ ದಪ್ಪ ದನಿಯೊಂದು ಮಾತ್ರ ಇಡಿಯಾಗಿ ಕೇಳುತ್ತದೆ. ಮನೆಯಲ್ಲಿ ಎಲ್ಲರೂ ಕೂಗುತ್ತಾರೆ, ನಾನು ಬಾಯಿ ನೋಡಿಕೊಂಡು ಕೂರುತ್ತೇನೆ. ಇಡೀ ದಿನದಲ್ಲಿ ನಾನು ಪೂರ್ತಿ ಕೇಳಿಸಿಕೊಳ್ಳುವ ಮಾತು ನಿನ್ನದೊಂದೇ.

ಶುಭವಾಗಲಿ.
ಜುಂಜಯ್ಯ


ಹೊಳಲ್ಕೆರೆ
30 ಜುಲೈ 2023

ಜುಂಜಯ್ಯ ಸರ್ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಿ. ಬೇಸರ ಏನೂ ಇಲ್ಲ. ಬೆಳಿಗ್ಗೆ ಇಲ್ಲಿ ಕರೆಂಟಿನದೇ ತೊಂದರೆ, ಅದಕ್ಕೇ ಕೆಲವು ದಿನ ಬರಲಾಗಲಿಲ್ಲ.

ನಿಮ್ಮ ಕಾಗದದ ಅಕ್ಷರ ಇರುವೆ ಸಾಲಿನಷ್ಟು ಸಣ್ಣದಾಗಿತ್ತು. ಕಾಗದ ಉಳಿಸಲು ಹಾಗೆ ಬರೆಯಬೇಡಿ ಸರ್, ಓದಲು ಕಷ್ಟವಾಗುತ್ತದೆ.

ಈ ಪಾರ್ಸೆಲ್‌ನಲ್ಲಿ ಒಂದು ಪ್ಯಾಡಲ್ ಮತ್ತು ಒಂದು ಕೀಯರ್ ಇದೆ. ಪ್ಯಾಡಲ್ ನಾನು ಶುರುವಿನಲ್ಲಿ ಬಳಸುತ್ತಿದ್ದದ್ದು. ಈಗ ನನ್ನ ಹತ್ತಿರ ಬೇರೆ ಇದೆ, ಇದು ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ನಿಮ್ಮ ಕೀಯ ಹಾಗೆ ಇದನ್ನು ಮೇಲಿನಿಂದ ಕುಟ್ಟುವುದಲ್ಲ. ಎರಡು ಪುಟ್ಟ ರೆಕ್ಕೆಗಳಿವೆ. ಹೆಬ್ಬೆರಳಿನಿಂದ ಒಂದನ್ನು ಪಕ್ಕಕ್ಕೆ ಒತ್ತಿದರೆ ಚುಕ್ಕಿ, ತೋರುಬೆರಳಿನಿಂದ ಇನ್ನೊಂದನ್ನು ಒತ್ತಿದರೆ ಗೆರೆ. ಚುಕ್ಕಿ ಎಷ್ಟು ಚಿಕ್ಕದಿರಬೇಕು, ಗೆರೆ ಎಷ್ಟು ಉದ್ದವಿರಬೇಕು ಎಂಬುದನ್ನೆಲ್ಲ ಕೀಯರ್ ಪೆಟ್ಟಿಗೆಯೇ ಅಳೆದು ಕಳಿಸುತ್ತದೆ. ಮಣಿಕಟ್ಟಿಗೆ ಕೆಲಸವೇ ಇಲ್ಲ. ಗಾಳಿ ಚರಪರ ಎನ್ನುವಾಗಲೂ ಅಕ್ಷರ ಬಿಡಿಬಿಡಿಯಾಗಿ ತಲುಪುತ್ತದೆ.

ನೀವು ಒಮ್ಮೆ ಇದಕ್ಕೆ ಹೊಂದಿಕೊಂಡರೆ ಕೇರಳದವರು, ಆಂಧ್ರದವರು ಎಲ್ಲರೂ ನಿಮ್ಮೊಂದಿಗೆ ಮಾತಾಡುತ್ತಾರೆ. ನನ್ನೊಬ್ಬಳಿಗೇ ಕಾಯುವ ಹಾಗಿರುವುದಿಲ್ಲ.

ನಿಮ್ಮ
ನೇತ್ರಾವತಿ


ಹಿರೇಗುಂಟನೂರು
2 ಸೆಪ್ಟೆಂಬರ್ 2023

ನೇತ್ರಾವತಿಗೆ ಆಶೀರ್ವಾದ.

ಕನ್ನಡಕ ಒಡೆದಿದೆ. ಹಾಗಾಗಿ ನಾನು ಹೇಳಿದ್ದನ್ನು ಸೊಸೆ ರಂಜಿತಾ ಬರೆಯುತ್ತಿದ್ದಾಳೆ.

ಪಾರ್ಸೆಲ್ ಬಂತು. ಪ್ಯಾಡಲ್ ಅಂದರೆ ಏನೆಂದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಜೊತೆಗಿದ್ದ ಎಷ್ಟೋ ಜನ ನಿವೃತ್ತರಾದ ಮೇಲೆ ಅದಕ್ಕೇ ಬದಲಾಯಿಸಿಕೊಂಡರು. ನನಗೆ ಮನಸ್ಸು ಬರಲಿಲ್ಲ. ಯಂತ್ರ ಅಳೆದು ಕೊಟ್ಟ ಅಕ್ಷರಕ್ಕೆ ಇಂಥವನದೇ ಎಂಬ ಗುರುತಿರುವುದಿಲ್ಲ. ನೀನು ಒಳ್ಳೆಯ ಮನಸ್ಸಿನಿಂದ ಕಳಿಸಿದ್ದೀ, ತಪ್ಪು ತಿಳಿಯಬೇಡ. ಹೊಸ ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಿದ್ದೇನೆ. ನಿನ್ನ ಕಾಲೇಜಿನ ಮಕ್ಕಳಲ್ಲಿ ಯಾರಾದರೂ ಕಲಿಯುವುದಾದರೆ ಹೇಳು, ಕಳಿಸಿಕೊಡುತ್ತೇನೆ.

ನೀನು ಬಾರದ ಒಂದು ದಿನ ಬೇರೆ ಯಾರಾದರೂ ಸಿಗುತ್ತಾರೇನೋ ಎಂದು ಕರೆದೆ. ಒಬ್ಬರು ಬಂದರು. ಮತ್ತೆ ಕಳಿಸಿ, ಮತ್ತೆ ಕಳಿಸಿ ಎಂದರು. ಕಳಿಸಿದೆ. ಕೊನೆಗೆ, ಕಲಿತು ಆಮೇಲೆ ಬನ್ನಿ, ಜಾಗ ಬಿಡಿ ಎಂದರು. ಅವರು ಒರಟಾಗಿ ಹೇಳಲಿಲ್ಲ. ಹೊಸದಾಗಿ ಕಲಿಯುವವನು ಎಂದುಕೊಂಡಿರಬೇಕು.

ನನ್ನ ಅಕ್ಷರ ಜನಕ್ಕೆ ತಿಳಿಯುತ್ತಿಲ್ಲ ಎಂದ ಮೇಲೆ ಅಲ್ಲಿ ಕೂತು ಏನು ಮಾಡುವುದು. ಮಗ ಜುಂಜೇಶನಿಗೆ ಹೇಳಿ ಬೇವಿನ ಮರದಿಂದ ಆಂಟೆನಾ ತಂತಿ ಇಳಿಸಿದ್ದೇನೆ. ಕೊಂಬೆ ಸವರುವುದೂ ಇತ್ತು.

ನೀನು ನನಗಾಗಿ ಬೆಳಿಗ್ಗೆ ಏಳುವುದು ಬೇಡ.

ಜುಂಜಯ್ಯ


ಹೊಳಲ್ಕೆರೆ
16 ಅಕ್ಟೋಬರ್ 2023

ಸರ್,

ಕಳೆದ ತಿಂಗಳು ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ತಲುಪಿಲ್ಲವೇನೋ ಎಂದು ಇನ್ನೊಮ್ಮೆ ಬರೆಯುತ್ತಿದ್ದೇನೆ. ಪ್ಯಾಡಲ್ ಕಳಿಸಿದ್ದು ನಿಮಗೆ ನೋವಾಗಿದ್ದರೆ ಕ್ಷಮಿಸಿ. ನಿಮ್ಮ ಕೈಯನ್ನು ಅನುಮಾನಿಸಿ ಕಳಿಸಿದ್ದಲ್ಲ.

ಕನ್ನಡಕ ಸಿದ್ಧವಾಯಿತೇ? ಎರಡೇ ಸಾಲು ಬರೆದರೂ ಸಾಕು.

ನೇತ್ರಾವತಿ


ಹೊಳಲ್ಕೆರೆ
9 ನವೆಂಬರ್ 2023

ಸರ್,

ಹಬ್ಬ ಕಳೆದ ಮೇಲೆ, ಹತ್ತೊಂಬತ್ತನೇ ತಾರೀಖು ಭಾನುವಾರ, ನಾನು ಹಿರೇಗುಂಟನೂರಿಗೆ ಬರುತ್ತೇನೆ. ಬೇಡವೆನ್ನಬೇಡಿ. ಇಷ್ಟು ವರ್ಷದಲ್ಲಿ ನಿಮ್ಮ ಮನೆ ನೋಡಿಲ್ಲ.

ನೇತ್ರಾವತಿ


ಹೊಳಲ್ಕೆರೆ
22 ನವೆಂಬರ್ 2023

ಪ್ರೀತಿಯ ಸರ್ ಅವರಿಗೆ ನಮಸ್ಕಾರಗಳು.

ಕ್ಷೇಮವಾಗಿ ಮನೆ ಸೇರಿದೆ. ದುರ್ಗದಲ್ಲಿ ಬಸ್ಸು ಸಿಗುವುದು ತಡವಾಯಿತು ಅಷ್ಟೆ. ಗಂಗಕ್ಕ ಕಟ್ಟಿಕೊಟ್ಟ ರೊಟ್ಟಿಯನ್ನು ನಿಲ್ದಾಣದಲ್ಲೇ ಕೂತು ತಿಂದೆ.

ಭಾನುವಾರ ನಿಮ್ಮ ಮನೆಯಲ್ಲಿ ಆಡಿದ ಮಾತುಗಳಲ್ಲಿ ನಿಮಗೆ ಕೇಳದೆ ಹೋದವು ಕೆಲವಿವೆ. ಗಂಗಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಾನು ಬಂದಾಗ ನೀವು ಹಿತ್ತಲಲ್ಲಿ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದಿರಿ. ಗಂಗಕ್ಕ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, “ಬಾರವ್ವ, ನೀನೇನಾ ಆ ಕುಟ್ಟೋ ಹುಡುಗಿ? ನಾನು ಯಾವ್ದೋ ಸಣ್ಣ ಹುಡುಗಿ ಅಂದ್ಕಂಡಿದ್ದೆ, ತಲೆಗೂದ್ಲು ಬೆಳ್ಳಗಾಗೈತಲ್ಲ” ಅಂದರು. ಒಳಗೆ ಕರೆದು ಕೂರಿಸಿದರು.

ನಿಮಗೆ ಏನಾಗಿದೆ ಎಂದು ನಾನೇ ಕೇಳಿದೆ.

“ಕೈ ನಡುಗ್ತೈತೆ. ದುರ್ಗದಾಗೆ ಡಾಕ್ಟ್ರ ಹತ್ರ ಹೋಗಿ ಬಂದವ್ರೆ, ನನಗೆ ಹೇಳಿಲ್ಲ. ಜುಂಜೇಶ ಹೇಳ್ದ. ನಾನು ಗೊತ್ತಿಲ್ದೋಳಂಗೆ ಇದೀನಿ. ಅಂಗಿ ಗುಂಡಿ ಹಾಕ್ಕಳಕ್ಕೆ ಆಗ್ದೆ ಬೆಳಿಗ್ಗೆ ಕ್ವಾಣೆಯಾಗೆ ನಿಂತ್ಕಂಡಿರ್ತಾರೆ. ಏನೋ ಹುಡುಕಾಕೆ ಬಂದೋಳಂಗೆ ಹೋಗಿ ಗುಂಡಿ ಹಾಕಿ ಬರ್ತೀನಿ. ಅವರೂ ಸುಮ್ನೆ, ನಾನೂ ಸುಮ್ನೆ.”

“ನೀವೇ ಒಮ್ಮೆ ಕೇಳಿಬಿಡಬಹುದಲ್ಲ ಗಂಗಕ್ಕ?”

“ಹೆಂಗ್ ಕೇಳ್ಲವ್ವ? ಇವರಿಗೆ ಏನ್ ಹೇಳ್ಬೇಕಂದ್ರೂ ಕೂಗ್ಬೇಕು. ನಾನು ಕೂಗಿದ್ರೆ ಹಟ್ಟಿಗೆಲ್ಲ ಕೇಳ್ತೈತೆ. ಕೂಗಿ ಕೇಳೋ ಮಾತಾ ಅದು? ಉಪ್ಪು ತಗಂಬರ್ರಿ, ಮರಿ ಕಟ್ರಿ, ಊಟಕ್ಕೆ ಬರ್ರಿ, ಇಂಥವೇ ನಮ್ದು. ಕಿವಿ ಹೋದಾಗಿಂದ ಬ್ಯಾರೆ ಮಾತೇ ಇಲ್ಲ.”

ಇದನ್ನು ನಿಮಗೆ ಬರೆಯಲೇ ಎಂದೆ. ಅವರು, “ಬರಿ. ಕಾಗದಕ್ಕೆ ಸದ್ದಿಲ್ಲ” ಅಂದರು.

ಆಮೇಲಿನದು ನಿಮಗೇ ಗೊತ್ತು. ನೀವು ಬಂದು ಕೂತಿರಿ, ಬಲಗೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡಿರಿ. ನಾನು ಕಾಗದದ ಮೇಲೆ ‘ಕೈ ತೋರಿಸಿ’ ಎಂದು ಬರೆದೆ. ನೀವು ತೋರಿಸಲಿಲ್ಲ. ‘ಹಾಗಾದರೆ ಎಡಗೈ ತೋರಿಸಿ’ ಎಂದು ಬರೆದೆ. ಅದನ್ನು ತೋರಿಸಿದಿರಿ. ಅದು ನಡುಗುತ್ತಿರಲಿಲ್ಲ.

ಪ್ಯಾಡಲ್ ಸುತ್ತಿಟ್ಟ ಗಂಟನ್ನು ಮೇಲಿನಿಂದ ಇಳಿಸಿ ಕೊಟ್ಟವರು ಗಂಗಕ್ಕ. ಪ್ಯಾಡಲ್ಲಿನ ಸಂದು ನನ್ನ ಕೈಗೆ ಹೊಂದಿದ ಹಾಗೆ ತೀರ ಕಿರಿದಾಗಿತ್ತು, ಉಸಿರು ತಾಗಿದರೂ ಚುಕ್ಕಿ ಬೀಳುತ್ತಿತ್ತು. ತಿರುಪು ಬಿಡಿಸಿ ಅಗಲ ಮಾಡಿ, ಸ್ಪ್ರಿಂಗ್ ಬಿಗಿಗೊಳಿಸಿದೆ. ಎರಡೂ ರೆಕ್ಕೆ ಒಟ್ಟಿಗೆ ಒತ್ತಿ ಬಿಟ್ಟ ಮೇಲೂ ಇನ್ನೊಂದು ಚುಕ್ಕಿಯನ್ನೋ ಗೆರೆಯನ್ನೋ ತಾನೇ ಸೇರಿಸುವ ಚಾಳಿ ಆ ಕೀಯರ್‌ಗೆ ಇತ್ತು, ಅದನ್ನೂ ತೆಗೆದುಹಾಕಿದೆ. ಎಡಗೈಗೆ ತಿರುಗಿಸಿಟ್ಟೆ. ರೇಡಿಯೋ ಬೇಕಾಗಲಿಲ್ಲ, ಪೆಟ್ಟಿಗೆಯದೇ ದನಿ ಸಾಕಾಯಿತು. ನಿಮ್ಮ ಕಿವಿಗೆ ಹೊಂದುವಷ್ಟು ಅದನ್ನು ದಪ್ಪ ಮಾಡಿದೆವು.

ಒಂದೇ ಮೇಜಿನ ಆಚೆ ಈಚೆ ಕೂತು ಇಬ್ಬರು ಮನುಷ್ಯರು ಬಾಯಿ ಬಿಡದೆ ಅಷ್ಟು ಹೊತ್ತು ಮಾತಾಡಿದ್ದನ್ನು ನೋಡಿ ರಂಜಿತಾ ನಕ್ಕಳು. ನಿಮ್ಮ ಎಡಗೈ ಮೊದಲು ಮಗುವಿನ ಹಾಗೆ ತಡವರಿಸಿತು. ಆದರೆ ಎಸ್‌ಗೆ ಮೂರೇ ಚುಕ್ಕಿ ಬಿತ್ತು ಸರ್. ನೀವೂ ಗಮನಿಸಿದಿರಿ, ಹೇಳಲಿಲ್ಲ.

ಇನ್ನೊಂದು ವಿಷಯವನ್ನು ನಿಮ್ಮೆದುರು ಕುಟ್ಟಲು ನನ್ನ ಕೈ ಬರಲಿಲ್ಲ. ನನ್ನ ಅತ್ತೆ ಚಂದ್ರಕ್ಕ ಮೇ ತಿಂಗಳಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು ಮಲಗಿದ್ದಾರೆ. ಎದ್ದ ಕೂಡಲೇ ಅವರ ಕೆಲಸ, ಆಮೇಲೆ ಅಡುಗೆ, ಆಮೇಲೆ ಕಾಲೇಜು. ಯಜಮಾನರು ಶ್ರೀನಿವಾಸ್ ಕೈಜೋಡಿಸುತ್ತಾರೆ, ಆದರೆ ಅವರ ಬಸ್ಸು ಬೇಗ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಕರೆಂಟ್ ಇಲ್ಲ ಎಂದು ಬರೆದದ್ದು ನಿಜವಲ್ಲ. ಇದ್ದ ದಿನವೂ ನನಗೆ ಸೆಟ್ಟಿನ ಮುಂದೆ ಕೂರುವ ಶಕ್ತಿ ಇರುತ್ತಿರಲಿಲ್ಲ. ಇಡೀ ದಿನದಲ್ಲಿ ಪೂರ್ತಿ ಕೇಳುವ ಮಾತು ನಿನ್ನದೊಂದೇ ಎಂದು ನೀವು ಬರೆದಿರಿ. ಅದನ್ನು ಓದಿ ಸಂತೋಷವಾಗಬೇಕಿತ್ತು. ನನಗೆ ಭಾರವಾಯಿತು. ಬೇರೆಯವರಿಗೂ ನಿಮ್ಮ ಅಕ್ಷರ ತಿಳಿಯುವಂತಾದರೆ ದಿನಾ ನಾನೇ ಬರಬೇಕಾಗಿಲ್ಲ ಎಂಬ ಆಸೆಯೂ ಆ ಪಾರ್ಸೆಲ್‌ನಲ್ಲಿತ್ತು.

ನೀವು ತಂತಿ ಇಳಿಸಿದ ಸುದ್ದಿ ಬಂದ ವಾರ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅದರ ಮುಂದಿನ ವಾರದಿಂದ ಮಾಡಲಾಗಲಿಲ್ಲ.

ನಿಮ್ಮ
ನೇತ್ರಾವತಿ


ಹಿರೇಗುಂಟನೂರು
14 ಡಿಸೆಂಬರ್ 2023

ತಂಗಿ ನೇತ್ರಾವತಿಗೆ ಆಶೀರ್ವಾದ.

ರಂಜಿತಾ ಬರೆಯುತ್ತಿದ್ದಾಳೆ. ಕನ್ನಡಕ ಒಡೆದಿರಲಿಲ್ಲ.

ಡಾಕ್ಟರು ಪಾರ್ಕಿನ್ಸನ್ ಎಂದರು. ಗುಳಿಗೆ ನುಂಗಿದರೆ ನಡುಕ ತಗ್ಗಬಹುದು, ರೋಗ ವಾಸಿಯಾಗುವುದಿಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಅಕ್ಷರ ಸಣ್ಣದಾಗುವುದೂ ಅದರದೇ ಲಕ್ಷಣವಂತೆ. ನಾನು ಕಾಗದ ಉಳಿಸುತ್ತಿದ್ದೇನೆ ಎಂದು ನೀನು ಅಂದುಕೊಂಡೆಯಲ್ಲ, ಅದನ್ನು ಓದಿದ ದಿನ ನನಗೆ ನಗು ಬಂತು. ಆಮೇಲೆ ಬಹಳ ಹೊತ್ತು ಏನೂ ಮಾಡಲಾಗಲಿಲ್ಲ.

ನಿನ್ನ ದಣಿವಿನ ಬಗ್ಗೆ. ಪ್ಯಾಡಲ್ ಹಿಡಿದವರ ಗುರುತು ಸಿಗುವುದಿಲ್ಲ ಎಂದು ನಾನು ಬರೆದದ್ದು ತಪ್ಪು. ಚುಕ್ಕಿ, ಗೆರೆ ಪೆಟ್ಟಿಗೆಯದಿರಬಹುದು. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಬಿಡುವ ಜಾಗ ಕೈಯದೇ. ನಿನ್ನ ಬಿಡುವುಗಳು ಬೇಸಿಗೆಯಿಂದಲೇ ಉದ್ದವಾಗಿದ್ದವು. ನೀನು ಒಂದು ಮಾತು ಕಳಿಸಿ, ಇನ್ನೊಂದಕ್ಕೆ ಕೈ ಎತ್ತಲು ಯೋಚಿಸುತ್ತಿದ್ದೆ. ನನಗೆ ಕೇಳಿತ್ತು. ನಾನು ಅದನ್ನು ಬೇಸರ ಎಂದು ಓದಿಕೊಂಡೆ. ದಣಿವಿನ ಬಿಡುವೂ ಬೇಸರದ ಬಿಡುವೂ ಒಂದೇ ಥರ ಕೇಳುತ್ತವೆ.

ನಿನ್ನ ಅತ್ತೆಯವರನ್ನು ನೋಡಿಕೋ. ದಿನಾ ಬರಬೇಕಿಲ್ಲ. ಇದು ಮುನಿಸಿನ ಮಾತಲ್ಲ. ಅಭ್ಯಾಸ ಒಂದು ಸಲ ಆದ ಮೇಲೆ ಅದನ್ನು ಬಿಡಿಸಿಕೊಳ್ಳಲು ಒಬ್ಬರಾದರೂ ಹೇಳಬೇಕಾಗುತ್ತದೆ, ಆ ಮಾತನ್ನು ನಾನು ಹೇಳುತ್ತಿದ್ದೇನೆ.

ಜುಂಜೇಶ ತಂತಿ ಮತ್ತೆ ಕಟ್ಟಿದ್ದಾನೆ. ಈ ಸಲ ಬೇವಿನ ಮರಕ್ಕಲ್ಲ, ಮನೆಯ ಮೇಲೆ ಕಂಬ ನೆಟ್ಟು. ಎಡಗೈ ಇನ್ನೂ ನಿಧಾನ. ವೈರ್‌ಲೆಸ್ಸಿಗೆ ಹೊಸದಾಗಿ ಸೇರಿದ ಹುಡುಗರು ಕಲಿಯುತ್ತಿದ್ದ ವೇಗ ಇದು. ಒಬ್ಬರು ಸಿಕ್ಕರು, ಕಾಸರಗೋಡಿನ ಕಡೆಯವರು. ಅವರದೂ ನಿಧಾನವೇ. ಹೊಸಬರಿರಬೇಕು ಎಂದುಕೊಂಡೆ. ಕೇಳಿದರೆ ಅವರಿಗೆ ಎಂಬತ್ತರ ಹತ್ತಿರ.

ಗಂಗೆ ನಾನು ಅಭ್ಯಾಸ ಮಾಡುವಾಗ ಬಂದು ಕೂರುತ್ತಾಳೆ. ನಿನ್ನ ಕಾಗದದ ಬಗ್ಗೆ ನಾನು ಏನೂ ಕೇಳಿಲ್ಲ. ಅಂಗಿಯ ಗುಂಡಿ ಹಾಕಲು ಮಾತ್ರ ಈಗ ನೇರವಾಗಿ ಬರುತ್ತಾಳೆ, ಏನನ್ನೂ ಹುಡುಕುವುದಿಲ್ಲ.

ಜುಂಜಯ್ಯ


ಹೊಳಲ್ಕೆರೆ
4 ಫೆಬ್ರವರಿ 2024

ಪ್ರೀತಿಯ ಸರ್ ಅವರಿಗೆ,

ಅತ್ತೆ ಸಂಕ್ರಾಂತಿಗೆ ಮುಂಚೆ ತೀರಿಕೊಂಡರು. ಶ್ವಾಸಕೋಶದಲ್ಲಿ ಸೋಂಕಾಯಿತು. ಕೊನೆಯವರೆಗೂ ಮಾತು ಚೆನ್ನಾಗಿತ್ತು. “ನಿನ್ನ ಕೈ ಸುಡ್ತೈತೆ, ಜ್ವರ ಐತೇನೆ ನಿಂಗೆ? ಹೋಗಿ ಮಲಕ್ಕ” ಎಂದು ನನಗೇ ಹೇಳಿದರು. ಜ್ವರ ಇದ್ದದ್ದು ಅವರಿಗೆ. ಮರುದಿನ ಅವರಿಲ್ಲ.

ಆಮೇಲೆ ಬಂದುಹೋಗುವ ಜನ, ಶ್ರೀನಿವಾಸ್ ಅವರ ಊರು ಮಾಡದಕೆರೆಯಲ್ಲಿ ಕಾರ್ಯ. ಎಲ್ಲ ಮುಗಿದ ಮೇಲೆ ಮನೆಯಲ್ಲಿ ಮಾಡಲು ಕೆಲಸವಿಲ್ಲದ ಬೆಳಿಗ್ಗೆಗಳು ಬಂದವು. ಎಂಟು ತಿಂಗಳು ಇಂಥ ಬೆಳಗಿಗೆ ಆಸೆಪಟ್ಟಿದ್ದೆ. ಸುಮ್ಮನೆ ಮಲಗಿದೆ. ಎದ್ದರೂ ದಣಿವು ಹಾಗೇ ಇತ್ತು.

ಮೊನ್ನೆ ಸೆಟ್ಟು ಹಾಕಿದೆ. ಯಾರನ್ನೂ ಕರೆಯುವ ಮನಸ್ಸಿರಲಿಲ್ಲ, ಕೇಳೋಣವೆಂದು ಮಾತ್ರ. ನೀವಿದ್ದಿರಿ. ಆ ಕಾಸರಗೋಡಿನವರ ಜೊತೆ ಮೊಣಕಾಲಿನ ನೋವಿನ ವಿಷಯ ಮಾತಾಡುತ್ತಿದ್ದಿರಿ. ಹಳೆಯ ಕೈ ಅಲ್ಲ ಅದು, ಬೇರೆಯೇ. ಆದರೂ ಎರಡನೇ ಅಕ್ಷರಕ್ಕೇ ನಿಮ್ಮದೆಂದು ಗೊತ್ತಾಯಿತು. ನಡುವೆ ಸೇರಿಕೊಳ್ಳಬಹುದಿತ್ತು. ಸೇರಲಿಲ್ಲ. ನೀವಿಬ್ಬರೂ ಮುಗಿಸುವವರೆಗೆ ಕೇಳಿ, ಕಾಫಿ ಮಾಡಿಕೊಂಡು ಕುಡಿದೆ.

ಇನ್ನು ಮೇಲೆ ಆದಾಗ ಬರುತ್ತೇನೆ. ನಿಮಗಾಗಿ ಎಂದಲ್ಲ.

ನೇತ್ರಾವತಿ


ಹಿರೇಗುಂಟನೂರು
28 ಮಾರ್ಚ್ 2024

ನೇತ್ರಮ್ಮನಿಗೆ ಆಶೀರ್ವಾದ.

ಇದನ್ನು ರಂಜಿತಾಳ ಕೈಯಲ್ಲಿ ಬರೆಸಲು ಆಗುವುದಿಲ್ಲ. ಎಡಗೈಯಲ್ಲಿ ದಿನಕ್ಕೆ ಇಷ್ಟಿಷ್ಟು ಬರೆಯುತ್ತಿದ್ದೇನೆ. ಅಕ್ಷರ ಡೊಂಕಾಗಿದೆ, ಸಣ್ಣದಾಗಿಲ್ಲ.

ಚಂದ್ರಕ್ಕನವರ ಸುದ್ದಿ ಓದಿ ಮನಸ್ಸಿಗೆ ಕಷ್ಟವಾಯಿತು. ಆ ದಣಿವು ಬೇಗ ಹೋಗುವುದಿಲ್ಲ. ನನ್ನ ತಾಯಿ ಜುಂಜಮ್ಮ ಹೋದಾಗ ನನಗೂ ಹಾಗೇ ಆಗಿತ್ತು. ಅದನ್ನು ಓಡಿಸಲು ಹೋಗಬೇಡ, ಅದರಷ್ಟಕ್ಕೆ ಇರಲಿ.

ಗಂಗೆ ಮೋರ್ಸ್ ಕಲಿತಿದ್ದಾಳೆ.

ನಾನು ಕಲಿಸಲಿಲ್ಲ. ನಾನು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಏನು ಕಳಿಸಿದರೂ ಬಾಯಿಂದ ಹೇಳಿಕೊಂಡು ಕಳಿಸುವುದು ಹಳೆಯ ರೂಢಿ. ಇವಳು ಆ ಮಾತನ್ನೂ ಆ ದನಿಯನ್ನೂ ಜೋಡಿಸಿಕೊಂಡಿದ್ದಾಳೆ. ಇಂಗ್ಲಿಷ್ ಅಕ್ಷರ ಒಂದೂ ಬಾರದು. ‘ಬಾ’ ಎನ್ನಲು ಯಾವ ದನಿ, ‘ನೀರು’ ಎನ್ನಲು ಯಾವ ದನಿ, ಅಷ್ಟು ಗೊತ್ತು. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು, ಯಾವ ಮರಿ ಎಲ್ಲಿಂದ ಕೂಗಿತು ಎಂದು ಕತ್ತು ತಿರುಗಿಸದೆ ಹೇಳುತ್ತಾಳೆ. ಆ ಕಿವಿ ಇಲ್ಲಿಗೂ ಬಂತು.

ಒಂದು ದಿನ ನಾನು ಪೇಪರ್ ನೋಡುತ್ತಿದ್ದೆ. ಪೆಟ್ಟಿಗೆ ಕುಂಯ್ ಎಂದಿತು. ಅವಳು ಪ್ಯಾಡಲ್ ಮುಂದೆ ಕೂತಿದ್ದಳು. ‘ಊಟ’ ಎಂದು ಕಳಿಸಿದಳು. ಟಿ ಅಕ್ಷರದ ಒಂದು ಗೆರೆ ಎರಡಾಗಿತ್ತು, ಆದರೂ ಊಟವೇ. ನಾನು ಎದ್ದು ಹೋಗಿ ತಟ್ಟೆಯ ಮುಂದೆ ಕೂತೆ. ಅವಳು ಬಂದು ಬಡಿಸಿದಳು. ಅವತ್ತು ಮನೆಯಲ್ಲಿ ಯಾರೂ ಕೂಗಲಿಲ್ಲ.

ಆಮೇಲೆ ದಿನಾ ಒಂದೊಂದು. ಗುಳಿಗೆ ನುಂಗಿದ್ರಾ. ಯಾರೋ ಬಂದರು. ಬಿಸಿಲೈತೆ, ಹೋಗಬ್ಯಾಡ್ರಿ. ರೇಡಿಯೋಗೆ ಜೋಡಿಸುವುದಿಲ್ಲ, ಅವಳಿಗೆ ಲೈಸೆನ್ಸ್ ಇಲ್ಲ, ಅದು ತಪ್ಪಾಗುತ್ತದೆ. ಪೆಟ್ಟಿಗೆಯ ದನಿ ಒಂದೇ. ಮೊಮ್ಮಗಳು ಕೀರ್ತನಾ ಕಾಲೇಜಿನಿಂದ ಬಂದಾಗ ಇದನ್ನು ಕೇಳಿ, “ಅಜ್ಜ ಅಜ್ಜಿ ಏನು ಮಾತಾಡ್ತಾವೆ ಅಂತ ಒಬ್ರಿಗೂ ತಿಳಿಯಲ್ಲ” ಎಂದು ದೂರಿದಳಂತೆ. ಗಂಗೆ ಅದನ್ನು ನನಗೆ ಕುಟ್ಟಿ ಹೇಳಿದಳು. ಆಗ ಅವಳ ಮುಖದಲ್ಲಿ ಒಂಥರಾ ಹಿಗ್ಗು ಇತ್ತು.

ಹೋದ ವಾರ ಡಾಕ್ಟರ ಹತ್ತಿರ ಹೋಗಿ ಬಂದೆವು, ಈ ಸಲ ಇಬ್ಬರೂ. ಗುಳಿಗೆ ಹೆಚ್ಚಿಸಿದರು. ಎಡಗೈಯಲ್ಲೂ ಶುರುವಾಗಬಹುದು, ಯಾವಾಗ ಎಂದು ಹೇಳಲಾಗದು ಎಂದರು. ಅದನ್ನು ಅವರು ಗಂಗೆಗೆ ಹೇಳಿದ್ದು, ನನಗೆ ಕೇಳಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಏನು ಎಂದು ಕೇಳಿದೆ. ಅಷ್ಟು ಜನರ ನಡುವೆ ಹೇಗೆ ಹೇಳುತ್ತಾಳೆ, ತಲೆಯಾಡಿಸಿದಳು.

ಮನೆಗೆ ಬಂದು ಸೀರೆ ಕೂಡ ಬದಲಾಯಿಸಲಿಲ್ಲ. ಪೆಟ್ಟಿಗೆ ಹಾಕಿದಳು. ಡಾಕ್ಟರು ಹೇಳಿದ್ದನ್ನು ಒಂದೊಂದೇ ಮಾತಾಗಿ ಕುಟ್ಟಿದಳು. ನನಗೆ ತಿಳಿಯದ ಕಡೆ ನಿಂತು ಮತ್ತೆ ಕುಟ್ಟಿದಳು. ನಾನು ಆಯಿತು ಎಂದೆ. ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಅವಳ ಕೈ ಪ್ಯಾಡಲ್ ಮೇಲೇ ಇತ್ತು. ಇನ್ನೊಂದು ಮಾತು ಕಳಿಸಿದಳು.

‘ಭಯ’ ಎಂದಳು.

ಇವಳನ್ನು ನಾನು ಕಟ್ಟಿಕೊಂಡು ಬಂದದ್ದು ವೈರ್‌ಲೆಸ್ಸಿಗೆ ಸೇರಿದ ವರ್ಷ. ಅಂದಿನಿಂದ ಇಂದಿನವರೆಗೂ ಇವಳ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಹೊರಗೆ ರಂಜಿತಾ ಬಟ್ಟೆ ಒಗೆಯುತ್ತಿದ್ದಳು, ಪಕ್ಕದ ಮನೆಯವರು ಜಗಲಿಯ ಮೇಲೆ ಕೂತಿದ್ದರು. ಯಾರಿಗೂ ಏನೂ ತಿಳಿಯಲಿಲ್ಲ.

ನಾನು ಪ್ಯಾಡಲ್ಲನ್ನು ನನ್ನ ಕಡೆ ತಿರುಗಿಸಿಕೊಂಡೆ. ಸಮಾಧಾನದ ಮಾತು ಹೇಳಬೇಕೆಂದು ಕೈ ಇಟ್ಟೆ. ಅದು ಬರಲಿಲ್ಲ ನೇತ್ರಮ್ಮ. ‘ನಂಗೂ’ ಎಂದು ಕಳಿಸಿದೆ.

ಅವಳು ಕೇಳಿಸಿಕೊಂಡಳು. ಆಮೇಲೆ ಎದ್ದು ಸೀರೆ ಬದಲಾಯಿಸಿ ಬಂದು, ನನ್ನ ಅಂಗಿಯ ಗುಂಡಿ ಬಿಚ್ಚಿಕೊಟ್ಟಳು.

ಜುಂಜಯ್ಯ